ಸೊಂಟದ ಆಪರೇಷನ್: ಸ್ಕ್ರೂ ಒಂದು ಕಡೆ ಸಾಕಾ, ಎರಡೂ ಕಡೆ ಬೇಕಾ?

ಪ್ರಶ್ನೆ: ಡಾಕ್ಟ್ರೇ, ನಮ್ಮ ಅಮ್ಮನಿಗೆ 62 ವರ್ಷ, ಶುಗರ್ ಇದೆ. ಸೊಂಟದ ಭಾಗದ ಬೆನ್ನೆಲುಬಿನಲ್ಲಿ ನಾಲ್ಕನೇ ಮೂಳೆ (ಎಲ್4) ಐದನೆಯದರ (ಎಲ್5) ಮೇಲೆ ಸ್ವಲ್ಪ ಮುಂದಕ್ಕೆ ಜಾರಿದೆಯಂತೆ. ಸ್ವಲ್ಪ ದೂರ ನಡೆದರೂ ಕಾಲು ಜೋಮು ಹಿಡಿದು ಕೂತುಬಿಡುತ್ತಾರೆ. ಮಾತ್ರೆ, ಫಿಸಿಯೋಥೆರಪಿ ಎಲ್ಲ ಆಯಿತು. ಒಬ್ಬ ಡಾಕ್ಟರು ಒಂದೇ ಕಡೆ ಎರಡು ಸ್ಕ್ರೂ ಸಾಕು, ಖರ್ಚೂ ಕಮ್ಮಿ ಎಂದರು. ಇನ್ನೊಬ್ಬರು ಎರಡೂ ಕಡೆ ಸೇರಿ ನಾಲ್ಕು ಬೇಕೇ ಬೇಕು ಎಂದರು. ಯಾರ ಮಾತು ಕೇಳೋದು?
– ಒಬ್ಬ ಮಗಳು, ದಾವಣಗೆರೆ

ಉತ್ತರ: ಮೂಳೆ ಬೆಸೆಯಲೇಬೇಕು ಎಂದಾದರೆ, ನಿಮ್ಮ ಅಮ್ಮನಿಗೆ ನಾನು ಎರಡೂ ಕಡೆ ಸ್ಕ್ರೂ ಹಾಕಿಸಿ ಎನ್ನುತ್ತೇನೆ. ಹಾಗಂತ ಮೊದಲ ಡಾಕ್ಟರು ತಪ್ಪು ಹೇಳಿದ್ದಾರೆ ಅಂತಲ್ಲ.

ಎರಡು ಮೂಳೆಗಳನ್ನು ಕಾಯಂ ಆಗಿ ಒಂದು ಮಾಡುವುದು ಸ್ಕ್ರೂ ಅಲ್ಲ. ಎರಡು ಮೂಳೆಗಳ ನಡುವಿನ ಮೆತ್ತೆಯಂಥ ಡಿಸ್ಕ್ ಹಾಳಾಗಿರುತ್ತದೆ; ಅದನ್ನು ತೆಗೆದು ಆ ಜಾಗದಲ್ಲಿ ಕೇಜ್ ಎಂಬ ಚಿಕ್ಕ ಪೆಟ್ಟಿಗೆಯಂಥ ತುಂಡು ಕೂರಿಸಿ, ಮೂಳೆಯ ಚೂರು ತುಂಬುತ್ತೇವೆ. ಅಲ್ಲಿ ಹೊಸ ಮೂಳೆ ಬೆಳೆದು ಬೆಸೆದುಕೊಳ್ಳಲು ಆರು ತಿಂಗಳಿಂದ ಒಂದು ವರ್ಷ ಹಿಡಿಯುತ್ತದೆ. ಆರ್‌ಸಿಸಿ ಗಟ್ಟಿಯಾಗುವ ತನಕ ಸೆಂಟ್ರಿಂಗ್ ನಿಲ್ಲಿಸುತ್ತಾರಲ್ವಾ, ಸ್ಕ್ರೂ ಮತ್ತು ಅವನ್ನು ಜೋಡಿಸುವ ರಾಡ್‌ಗಳ ಕೆಲಸವೂ ಅಷ್ಟೇ.

ಒಂದೇ ಕಡೆ ಹಾಕಿದರೆ ಬೆನ್ನಿನ ಸ್ನಾಯುವನ್ನು ಒಂದೇ ಪಕ್ಕ ಬಿಡಿಸಿದರೆ ಸಾಕು. ರಕ್ತ ಕಮ್ಮಿ ಹೋಗುತ್ತದೆ, ಆಪರೇಷನ್ ಬೇಗ ಮುಗಿಯುತ್ತದೆ. ಮೂಳೆ ಗಟ್ಟಿಯಿದ್ದು ಒಂದೇ ಜೋಡಿ ಮೂಳೆಗಳ ನಡುವೆ ತೊಂದರೆ ಇರುವವರಲ್ಲಿ ನೋವು ಇಳಿಯುವುದೂ ಮೂಳೆ ಬೆಸೆಯುವುದೂ ಹೆಚ್ಚುಕಮ್ಮಿ ಎರಡರಲ್ಲೂ ಒಂದೇ ಎಂದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಆದ್ದರಿಂದ ಅದನ್ನು ಸುಮ್ನೆ ದುಡ್ಡು ಉಳಿಸುವ ದಾರಿ ಅಂದುಕೊಳ್ಳಬೇಡಿ.

ಆದರೆ ಪಕ್ಕಕ್ಕೆ ಬಾಗುವಾಗ, ಸೊಂಟ ತಿರುಗಿಸುವಾಗ ಒಂದು ಕಡೆಯ ಹಿಡಿತ ಸಾಲದು. ಕೇಜ್ ಜರುಗುವುದೂ ಒಂದೇ ಕಡೆ ಸ್ಕ್ರೂ ಹಾಕಿಸಿಕೊಂಡವರಲ್ಲೇ ಜಾಸ್ತಿ ಕಂಡಿದೆ. ಕೇಜ್ ಹಿಂದಕ್ಕೆ ಸರಿದು ನರ ಒತ್ತಿದರೆ ಮತ್ತೆ ಆಪರೇಷನ್ ಮಾಡಬೇಕಾಗಬಹುದು. ಆಗ ಉಳಿಸಿದ ದುಡ್ಡು ಎಲ್ಲಿಗೆ ಬಂತು? ಮೂಳೆ ಟೊಳ್ಳಾಗಿದ್ದರೆ ಇನ್ನೂ ಕಷ್ಟ. ಗಟ್ಟಿ ಮೂಳೆಯಲ್ಲಿ ಕೊನೆಯ ಸುತ್ತು ತಿರುಗಿಸುವಾಗ ಸ್ಕ್ರೂ ಬಿಗಿಯಾಗಿ ಕಚ್ಚಿಕೊಳ್ಳುವುದು ಕೈಗೇ ಗೊತ್ತಾಗುತ್ತದೆ. ಟೊಳ್ಳು ಮೂಳೆಯಲ್ಲಿ ಸಲೀಸಾಗಿ ಒಳಗೆ ಹೋಗಿಬಿಡುತ್ತದೆ. ಅಂಥ ಎರಡೇ ಸ್ಕ್ರೂ ನಂಬಿ ಒಬ್ಬ ತಾಯಿಯನ್ನು ಮನೆಗೆ ಕಳಿಸಲು ನನಗೆ ಮನಸ್ಸು ಬರುವುದಿಲ್ಲ.

ತೀರ್ಮಾನಕ್ಕೆ ಮೊದಲು ಎರಡು ಪರೀಕ್ಷೆ ಮಾಡಿಸಿ. ಎಂಆರ್‌ಐ ಸಾಮಾನ್ಯವಾಗಿ ಮಲಗಿಸಿ ತೆಗೆಯುವುದು. ಮಲಗಿದಾಗ ಜಾರಿದ ಮೂಳೆ ಎಷ್ಟೋ ಸಲ ವಾಪಸ್ ತನ್ನ ಜಾಗಕ್ಕೆ ಹೋಗಿರುತ್ತದೆ. ಅದಕ್ಕೇ ಮೊದಲನೆಯದಾಗಿ ನಿಂತು, ಮುಂದೆ ಬಗ್ಗಿ, ಹಿಂದೆ ಬಾಗಿ ತೆಗೆದ ಎಕ್ಸ್‌ರೇ ಬೇಕು. ಅದರಲ್ಲಿ ಮೂಳೆ ಅಲುಗಾಡುತ್ತಿಲ್ಲ ಎಂದು ಕಂಡರೆ, 'ಸ್ಕ್ರೂ ಇಲ್ಲದೆ ನರದ ಮೇಲಿನ ಒತ್ತಡ ಮಾತ್ರ ತೆಗೆದರೆ ಸಾಕಾಗುತ್ತದಾ?' ಎಂದು ಧೈರ್ಯವಾಗಿ ಕೇಳಿ. ಹೀಗೆ ಮೂಳೆ ಜಾರಿದವರ ಮೇಲೆ ನಡೆದ ನಾರ್ವೆಯ ಒಂದು ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಎರಡು ವರ್ಷದ ನಂತರ ನೋಡಿದಾಗ, ಒತ್ತಡ ಮಾತ್ರ ತೆಗೆಸಿಕೊಂಡವರು ಬೆಸುಗೆಯನ್ನೂ ಮಾಡಿಸಿಕೊಂಡವರಿಗಿಂತ ಹಿಂದೆ ಬಿದ್ದಿರಲಿಲ್ಲ. ಅಲುಗಾಡುತ್ತಿದ್ದರೆ ಮಾತ್ರ ನಾಲ್ಕು ಸ್ಕ್ರೂ ಮಾತಿಗೆ ಬನ್ನಿ.

ಇನ್ನೊಂದು, ಮೂಳೆಯ ಸಾಂದ್ರತೆ ನೋಡುವ ಡೆಕ್ಸಾ ಸ್ಕ್ಯಾನ್. ಅದರಲ್ಲಿ ಬರುವ ಟಿ-ಸ್ಕೋರ್ ಎಂಬ ಅಂಕ ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಮೊದಲು ಮೂಳೆಗೆ ಚಿಕಿತ್ಸೆ ಶುರುವಾಗಬೇಕು. ಶುಗರ್ ಹತೋಟಿಗೆ ಬರಲಿ. ಎಲೆ ಅಡಿಕೆ ಜೊತೆ ಹೊಗೆಸೊಪ್ಪು ಹಾಕುವ ಅಭ್ಯಾಸವಿದ್ದರೆ ಇವತ್ತೇ ಬಿಡಿಸಿ. ನಿಕೋಟಿನ್ ಮೂಳೆ ಬೆಸೆಯಲು ಬಿಡುವುದಿಲ್ಲ.

ಇದಕ್ಕೆಲ್ಲ ಕೆಲವು ವಾರ ಹಿಡಿದರೂ ಸಾಮಾನ್ಯವಾಗಿ ತೊಂದರೆಯಿಲ್ಲ. ಆದರೆ ಮೂತ್ರ ಕಟ್ಟಿಕೊಂಡರೆ ಅಥವಾ ಗೊತ್ತಿಲ್ಲದೆ ಹೋದರೆ, ಕೂರುವ ಜಾಗ ಮರಗಟ್ಟಿದರೆ, ಪಾದ ಮೇಲೆತ್ತಲು ಆಗದಿದ್ದರೆ ಬೆಳಗಾಗಲಿ ಎಂದು ಕಾಯಬೇಡಿ. ಆ ಕ್ಷಣವೇ ಅಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ.