ಊರಿನ ಆಧಾರ್ ಇದ್ರೂ ತಾಯಿ ಕಾರ್ಡ್ ಬೆಂಗಳೂರಲ್ಲೇ ಆಗುತ್ತೆ

ನಿಮ್ಮ ಕಟ್ಟಡದ ಸೈಟ್‌ನಲ್ಲಿ ಇಟ್ಟಿಗೆ ಹೊರೋ ಗರ್ಭಿಣಿಗೆ ತಾಯಿ ಕಾರ್ಡ್ (ಗರ್ಭಿಣಿಯ ತಪಾಸಣೆ, ಹೆರಿಗೆಯ ವಿವರ ಬರೆಯೋ ಸರ್ಕಾರಿ ಕಾರ್ಡ್) ಮಾಡಿಕೊಡದೆ ವಾಪಸ್ ಕಳಿಸಿದ್ರು ಅಂತ ಬರೆದಿದ್ರಿ. ಆಕೆಯ ಆಧಾರ್‌ನಲ್ಲಿ ಯಾದಗಿರಿ ವಿಳಾಸ ನೋಡಿಯೇ "ನಿಮ್ಮೂರಲ್ಲಿ ತಾಯಿ ಕಾರ್ಡ್ ಮಾಡಿಸ್ಕೊಳ್ಳಿ" ಅಂತ ವಾಪಸ್ ಕಳಿಸಿರಬೇಕು. 7 ತಿಂಗಳ ಗರ್ಭಿಣಿ ಅದಕ್ಕೋಸ್ಕರ ಬಸ್ ಹತ್ತೋದು ಬೇಡ. ಈಗ ಎಲ್ಲಿ ವಾಸವೋ ಅಲ್ಲೇ ನೋಂದಣಿ ಆಗುತ್ತೆ.

ಮೊದಲು ಹೆಣ್ಣೂರಿನ ನಿಮ್ಮ ಹತ್ತಿರದ ಅಂಗನವಾಡಿಯಲ್ಲಿ ಆಶಾ ಕಾರ್ಯಕರ್ತೆ ಯಾರು ಅಂತ ಕೇಳಿ. ಅವರನ್ನ ಕರ್ಕೊಂಡೇ ನಗರ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ, ನಾವು ಮಾಡಿಸಿದ್ದೂ ಹಾಗೇ. ಆಧಾರ್, ಫೋನ್ ನಂಬರ್, ಹಳೇ ಸ್ಕ್ಯಾನ್ ಚೀಟಿ ಇಟ್ಕೊಳ್ಳಿ. ಊರಲ್ಲಿ ಮೊದಲೇ ನೋಂದಣಿ ಆಗಿತ್ತಾ ಅಂತ ನೀವು ಬರೆದಿಲ್ಲ. ಆಗಿದ್ರೆ ಅದನ್ನ ಕೇಂದ್ರದವರಿಗೆ ಮೊದಲೇ ಹೇಳಿಬಿಡಿ.

ಪ್ರತಿ ತಿಂಗಳ 9ನೇ ತಾರೀಕು ಗರ್ಭಿಣಿಯರಿಗೆ ಡಾಕ್ಟರ ಉಚಿತ ತಪಾಸಣೆ ಇರುತ್ತೆ, ತಪ್ಪಿಸಬೇಡಿ. ಹಿಮೋಗ್ಲೋಬಿನ್ ಎಷ್ಟು ಅಂತ ಕೇಳಿ ಬರೆಸ್ಕೊಳ್ಳಿ. 11ಕ್ಕಿಂತ ಕಡಿಮೆ ಅಂದ್ರೆ ರಕ್ತಹೀನತೆ. 7ಕ್ಕಿಂತ ಕೆಳಗಿದ್ರೆ ವಾಣಿ ವಿಲಾಸದಂಥ ದೊಡ್ಡ ಆಸ್ಪತ್ರೆಗೇ ಹೋಗಬೇಕು. ಇಟ್ಟಿಗೆ ಹೊರೋ ಹೆಂಗಸಿಗೆ ಸುಸ್ತು ಮಾಮೂಲಿ ಅಂತ ಎಲ್ಲರೂ ಬಿಟ್ಟುಬಿಡ್ತಾರೆ. ಆದ್ರೆ ರಕ್ತ ಕಡಿಮೆ ಇದ್ದವರಿಗೆ ಹೆರಿಗೆಯಲ್ಲಿ ರಕ್ತ ಹೋದಾಗ ತಡ್ಕೊಳ್ಳೋಕಾಗದೆ ಜೀವಕ್ಕೆ ಅಪಾಯ ಜಾಸ್ತಿ.

ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧಿ, ರಕ್ತ ಎಲ್ಲ ಉಚಿತ. ದುಡ್ಡು ಕೇಳಿದ್ರೆ, ಮತ್ತೆ ವಾಪಸ್ ಕಳಿಸಿದ್ರೆ ಆರೋಗ್ಯ ಸಹಾಯವಾಣಿ 104ಕ್ಕೆ ಫೋನ್ ಮಾಡಿ. ವಿಪರೀತ ತಲೆನೋವು, ಕಣ್ಣು ಮಂಜು, ಮುಖ ಊತ, ರಕ್ತಸ್ರಾವ ಕಂಡ್ರೆ ಕಾರ್ಡ್‌ಗೆ ಕಾಯದೆ ತಕ್ಷಣ 108 ಕರೀರಿ.