ಮಡ್ಡಿ ಹೊಲದ ತೊಗರಿ ಬಾಡ್ತಿದ್ರೆ ಮೊದಲು ಕಾಂಡ ಸೀಳಿ ನೋಡ್ರಿ

ಆಳಂದ ಕಡೆ ಮಡ್ಡಿ ಹೊಲದಾಗ ತೊಗರಿ ಹೂವಿಗೆ ಬಂದು ಅಲ್ಲಲ್ಲಿ ಗುಂಪಾಗಿ ಬಾಡ್ತದ, ಮಣ್ಣಾಗ ಹಸಿ ಅದ ಅಂತ ಬರ್ದೀರಿ. ಬಹುತೇಕ ನೆಟೆ ರೋಗ, ಅಂದ್ರೆ ಮಣ್ಣಾಗಿನ ಶಿಲೀಂಧ್ರದಿಂದ ಗಿಡ ಬಾಡಿ ಸಾಯೋ ರೋಗ. ನೀರಿನ ಕೊರತೆ ಆಗಿದ್ರೆ ಹೊಲ ಪೂರ್ತಿ ಸೊರಗ್ತಿತ್ತು.

ಈಗಷ್ಟೇ ಬಾಡಿದ ಗಿಡ ಬೇರುಸಮೇತ ಕೀಳ್ರಿ. ಪೂರ್ತಿ ಒಣಗಿದ್ದರಾಗ ಏನೂ ಗೊತ್ತಾಗಂಗಿಲ್ಲ. ಬುಡದ ಕಾಂಡ ಉದ್ದಕ್ಕ ಸೀಳ್ರಿ. ತೊಗಟೆ ಕೆಳಗ ಕಂದು-ಕಪ್ಪು ಗೆರಿ, ಹೊರಗ ಬುಡದಿಂದ ಮ್ಯಾಲಕ್ಕ ಏರಿದ ನೇರಳೆ ಪಟ್ಟಿ ಕಂಡ್ರೆ ನೆಟೆನೇ. ಬೇರು ಕೊಳೆತು ಸಿಪ್ಪಿ ಸುಲೀತಿದ್ರೆ ಅದು ಬೇರುಕೊಳೆ. ಎರಡೂ ಒಟ್ಟಿಗೆ ಇರಬಹುದು, ಬರೇ ಫೋಟೋದಾಗ ಹೇಳೋದು ಕಷ್ಟ.

ನೆಟೆ ಹತ್ತಿದ ಗಿಡ ಉಳಿಯಂಗಿಲ್ಲ. ಶಿಲೀಂಧ್ರ ಇರೋದು ಮಣ್ಣಾಗ, ಎಲೆಗೆ ಹೊಡಿಯೋ ಔಷಧಕ್ಕ ರೊಕ್ಕ ಹಾಕಬ್ಯಾಡ್ರಿ. ಒಣಗಿದವನ್ನ ಕಿತ್ತು ಸುಡ್ರಿ, ಉರುವಲಕ್ಕಂತ ಬದುವಿನ ಮ್ಯಾಲ ಒಟ್ಟಬ್ಯಾಡ್ರಿ.

ಮುಂದಿನ ಹಂಗಾಮಿಗೆ ಜೋಳ ಹಾಕ್ರಿ. ತೊಗರಿ 3 ವರ್ಷ ಬಿಟ್ರೆ ಒಳ್ಳೇದು. ಬಿಡಾಕ ಆಗದಿದ್ರೆ ಟಿಎಸ್-3ಆರ್ ಇಲ್ಲಾ ಜಿಆರ್‌ಜಿ-811 ತಳಿ ಬೀಜ ತರ್ರಿ, ಎರಡೂ ನೆಟೆ ತಡೀತಾವ. ಬೀಜಕ್ಕ ಕಿಲೋಗೆ 4 ಗ್ರಾಂ ಟ್ರೈಕೋಡರ್ಮಾ (ರೋಗದ ಶಿಲೀಂಧ್ರ ತಡೆಯೋ ಒಳ್ಳೆ ಶಿಲೀಂಧ್ರ) ಹಚ್ಚ್ರಿ. ಮಣ್ಣಿಗೆ ಎಕರೆಗೆ 1 ಕಿಲೋ, ಕಳಿತ ತಿಪ್ಪಿಗೊಬ್ಬರ 1 ಕ್ವಿಂಟಲ್‌ನಾಗ ಕಲಿಸಿ, ನೀರು ಚಿಮುಕಿಸಿ, ನೆರಳಾಗ 10 ದಿನ ಮುಚ್ಚಿಟ್ಟು ಬಿತ್ತೋ ಮುಂಚೆ ಚೆಲ್ಲ್ರಿ. ಕಾರ್ಬೆಂಡಜಿಮ್ ಅನ್ನೋ ಶಿಲೀಂಧ್ರನಾಶಕ ಹಚ್ಚಿದ ಬೀಜಕ್ಕ ಮಾತ್ರ ಟ್ರೈಕೋಡರ್ಮಾ ಹಚ್ಚಬ್ಯಾಡ್ರಿ, ಟ್ರೈಕೋಡರ್ಮಾನೇ ಸಾಯ್ತದ.