ಸಣ್ಣ ಕಾಫಿ ಬೆಳೆಗಾರರಿಗೆ ‘ಜವಾಬ್ದಾರಿಯುತ ಹೊಸತನ’ ಎಂದರೆ ಏನು?

ಹೊಸ ಯಂತ್ರ ತಂದರೆ ಸಾಲದು, ಅದರ ಕೊಳೆ ಎಲ್ಲಿಗೆ ಹೋಗುತ್ತದೆ ಎಂದೂ ನೋಡಬೇಕು. ಪಲ್ಪಿಂಗ್ ನೀರನ್ನೇ, ಅಂದರೆ ಕಾಫಿ ಹಣ್ಣು ಸುಲಿದು ತೊಳೆದ ನೀರನ್ನೇ ತೆಗೆದುಕೊಳ್ಳಿ. ಅರೇಬಿಕಾ ತಳಿಯ ಕಾಫಿ ಹಣ್ಣಿನ ಸಿಪ್ಪೆ ಬಿಡಿಸಿ, ಬೀಜದ ಲೋಳೆಯನ್ನು ತೊಟ್ಟಿಯಲ್ಲಿ ಹುಳಿ ಬರಿಸಿ ತೊಳೆಯುವುದು ಹಳೆಯ ಕ್ರಮ. ಆ ಕಂದು ನೀರು ಹಳ್ಳಕ್ಕಿಳಿದರೆ, ಅದರ ಸಕ್ಕರೆಯನ್ನು ತಿನ್ನುವ ಸೂಕ್ಷ್ಮಜೀವಿಗಳು ಆಮ್ಲಜನಕವನ್ನೆಲ್ಲ ಬಳಸಿಬಿಡುತ್ತವೆ. ಮೀನುಗಳು ಸಾಯುತ್ತವೆ, ನೀರು ನಾರುತ್ತದೆ. ಮೂಡಿಗೆರೆ ಕಡೆಯ ಎಷ್ಟೋ ಹಳ್ಳಗಳು ಹೇಮಾವತಿಯನ್ನು ಸೇರಿ ಗೊರೂರು ಜಲಾಶಯಕ್ಕೆ ಹೋಗುತ್ತವೆ. ಅದು ಹಾಸನದವರು ಕುಡಿಯುವ ನೀರು!

ಲೋಳೆಯನ್ನು ಯಂತ್ರದಲ್ಲೇ ಉಜ್ಜಿ ತೆಗೆಯುವ ಪಲ್ಪರ್‌ಗಳಿಂದ (ಸಿಪ್ಪೆ ಬಿಡಿಸುವ ಯಂತ್ರಗಳಿಂದ) ನೀರಿನ ಖರ್ಚು ಬಹಳ ಇಳಿಯುತ್ತದೆ. ಆದರೆ ಉಳಿಯುವ ನೀರಿನಲ್ಲಿ ಕೊಳೆ ಇನ್ನೂ ದಟ್ಟ. ಸುಣ್ಣ ಹಾಕಿ ಹುಳಿ ತಗ್ಗಿಸಿ, ಹೊಂಡಗಳಲ್ಲಿ ನಿಲ್ಲಿಸಿ ಸಂಸ್ಕರಿಸಲೇಬೇಕು. ಸಿಪ್ಪೆ ಒಳ್ಳೆಯ ಗೊಬ್ಬರವಾಗುತ್ತದೆ.

ಎರಡು ಎಕರೆಯವರು ಇದನ್ನೆಲ್ಲ ಒಬ್ಬರೇ ಹೊರುವುದು ಕಷ್ಟ. ನಾಲ್ಕಾರು ಮನೆಯವರು ಸೇರಿ ಒಂದು ಘಟಕ ಇಟ್ಟುಕೊಳ್ಳಲಿ. ಆಗದಿದ್ದರೆ ಹಣ್ಣನ್ನು ಸಿಪ್ಪೆ ಸಮೇತ ಕಣದಲ್ಲೇ ಒಣಗಿಸಿ ‘ಚೆರ್ರಿ’ ಕಾಫಿ ಮಾಡಲಿ. ಬೆಲೆ ಕಡಿಮೆಯಾದರೂ ತೊಳೆಯುವ ನೀರೇ ಬೇಡ. ಯಂತ್ರ ಕೊಳ್ಳುವ ಮುಂಚೆ, 1925ರಲ್ಲಿ ಆರಂಭವಾದ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದಲ್ಲಿ ಒಮ್ಮೆ ವಿಚಾರಿಸಿ.